ಹೆಸರಿಗೆ ಕಾಗದ ಅಂಟಿಸಿದ ಪರೀಕ್ಷೆ

ಕೊಲ್ಲಿ ನಾಡಿನ ಶರ್ಕ್ ಪೇಟೆಯ ಆಫೀಸಿನಲ್ಲಿ ಸೂಪರ್‌ವೈಸರ್ ಕುರ್ಚಿ ಖಾಲಿಯಾದದ್ದೇ ತಡ, ಗುಮಾಸ್ತ ಭೋಜನ ನಿದ್ದೆ ಹಾರಿಹೋಯಿತು. ಆ ಕುರ್ಚಿಯ ಜೊತೆಗೆ ಅಬು ಹಲೀಫಾದಲ್ಲೊಂದು ಫ್ಯಾಮಿಲಿ ಫ್ಲ್ಯಾಟು ಉಂಟು. ಮದುವೆಯಾಗಿ ನಾಲ್ಕು ವರ್ಷ, ಪಾಪ, ಊರಿನಲ್ಲೇ ಉಳಿದ ಹೆಂಡತಿ ಆಶಾಲತಾಳನ್ನು ಅವನು ಫೋನಿನಲ್ಲಿ ನೋಡಿದ್ದೇ ಹೆಚ್ಚು. ಆದರೆ ಕುರ್ಚಿ ಮ್ಯಾನೇಜರ್ ತಾಹಿರ್ ಸಾಹೇಬರ ತಂಗಿಯ ಮಗ ಅಶ್ಕರನಿಗೇ ಎಂದು ಎಲ್ಲರ ಗುಸುಗುಸು. ಅಶ್ಕರ್ ಎರಡು ವರ್ಷದಿಂದ ಗಡಿಯ ಗೋದಾಮಿನಲ್ಲಿ ಮರಳು ತಿನ್ನುತ್ತಿದ್ದ.

ಭೋಜ ಬಸ್ಸಿನಲ್ಲಿ ಕೂತು ಹಳೆಯ ಚೀನಾದ ಸಂಗತಿ ಓದಿಕೊಂಡವನು. ಗುರುವಾರ ಬೆಳಿಗ್ಗೆ ಸೀದಾ ಸಾಹೇಬರ ಮುಂದೆ ನಿಂತು ಹೇಳತೊಡಗಿದ. ಎಂಥ ಜನ ಆ ಚೀನಾದವರು! ಅಧಿಕಾರಿಗಳನ್ನು ಆರಿಸಲು ಸಾವಿರಕ್ಕೂ ಹೆಚ್ಚು ವರ್ಷ ಪರೀಕ್ಷೆ ನಡೆಸಿದರು. ಹೆಸರಿನ ಮೇಲೆ ಕಾಗದ ಅಂಟಿಸಿ, ಕೈಬರಹದ ಗುರುತೂ ಸಿಗದಂತೆ ಬೇರೆಯವರಿಂದ ನಕಲು ಮಾಡಿಸಿ, ಆಮೇಲಷ್ಟೇ ತಿದ್ದುತ್ತಿದ್ದರು. ಬಡವನ ಮಗನೂ ಮಂತ್ರಿಯಾಗಬಹುದಿತ್ತು. ಕೇಳಿದ ಸಾಹೇಬರು ಬೆರಗಾಗಿ, ಇವತ್ತೇ ಆಗಲಿ ಎಂದುಬಿಟ್ಟರು. ಅಶ್ಕರನನ್ನೂ ಕರೆಸಿದರು.

ಚೀನಾದಲ್ಲಿ ಪರೀಕ್ಷೆ ಬರೆಯುವ ಒಬ್ಬೊಬ್ಬರಿಗೆ ಒಂದೊಂದು ಗೂಡಂತೆ. ಸರಿ, ಸ್ಟೋರಿನಲ್ಲಿ ರಟ್ಟಿನ ಪೆಟ್ಟಿಗೆ ಒಟ್ಟಿ, ಕುರ್ಚಿಗೆ ಆಸೆಪಟ್ಟ ಐವರಿಗೆ ಐದು ಗೂಡು ಕಟ್ಟಿದರು. ಎಸಿ ಗಾಳಿ ಅತ್ತ ಸುಳಿಯಲಿಲ್ಲ. ಐವರಲ್ಲೊಬ್ಬನಾದ ಲತೀಶನ ಮೇಲೆ ಗೂಡಿನ ಗೋಡೆಯೇ ಮಗುಚಿಬಿತ್ತು, ಎದ್ದು ಭೋಜನ ಏಳು ತಲೆಮಾರನ್ನು ನೆನೆದ. ಟೈಪಿಸ್ಟ್ ಸೈನಬಾ ಐವರ ಉತ್ತರವನ್ನೂ ಕೈಯಲ್ಲಿ ನಕಲು ಮಾಡಿ, ಬೆರಳು ಊದಿಸಿಕೊಂಡು, ಭೋಜನ ಜೊತೆ ಮಾತು ಬಿಟ್ಟಳು. ಭೋಜ ಮಾತ್ರ ಬೆವರೊರೆಸಿಕೊಳ್ಳುತ್ತ ಜೀವವಿಟ್ಟು ಬರೆದ.

ಸಂಜೆ ಸಾಹೇಬರು ತಿದ್ದಿ ಮುಗಿಸಿ, ಹೆಸರಿನ ಮೇಲಿನ ಕಾಗದ ಕಿತ್ತರು. ಮೊದಲನೆಯವನು ಭೋಜ! ಎರಡನೆಯವನು ಅಶ್ಕರ್. ಬೈದವರೇ ಚಪ್ಪಾಳೆ ತಟ್ಟಿದರು. ಭೋಜನ ಕಣ್ಣು ತುಂಬಿತು, ಅಲ್ಲೇ ಹೆಂಡತಿಗೆ ಮೆಸೇಜು ಹಾಕಿದ.

ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟರು. “ನೀನು ಹೇಳಿದ್ದು ಅರ್ಧ, ಭೋಜ. ಉಳಿದದ್ದು ನಾನು ಮಧ್ಯಾಹ್ನ ಓದಿದೆ. ಪಾಸಾದವನನ್ನು ಅವನ ಊರಲ್ಲೇ ಅಧಿಕಾರಿ ಮಾಡ್ಲಿಕ್ಕಿಲ್ಲಂತೆ. ನೆಂಟರು, ದೋಸ್ತಿಗಳು ಅಂತ ಪಕ್ಷಪಾತ ಆಗ್ತದಲ್ಲ? ಎಂಥಾ ತಲೆ ಮಾರಾಯ ಅವರದ್ದು!”

ಹಾಗಾಗಿ ಶರ್ಕ್‌ನ ಭೋಜ ಗಡಿಯ ಗೋದಾಮಿಗೆ ಸೂಪರ್‌ವೈಸರ್. ಅಲ್ಲಿರುವುದು ಗಂಡಸರ ಕ್ಯಾಂಪು ಮಾತ್ರ. ಗಡಿಯ ಅಶ್ಕರ್ ಶರ್ಕ್‌ನ ಕುರ್ಚಿಗೆ, ಫ್ಲ್ಯಾಟಿಗೆ. ತಾನೇ ಹೊತ್ತು ತಂದ ನ್ಯಾಯಕ್ಕೆ ಭೋಜ ಎದುರಾಡುವುದು ಹೇಗೆ?

ಆಗಲೇ ಆಶಾಲತಾಳ ಫೋನು. ಫ್ಲ್ಯಾಟಿಗೆ ಕರ್ಟನ್ ಊರಿನಿಂದಲೇ ತರಲೇ ಎಂದು ಕೇಳಿದಳು.

“ಬೇಡ,” ಎಂದ ಭೋಜ. “ಫಸ್ಟ್ ಬಂದದ್ದು ಹೌದು. ಆದ್ರೆ ನಿನ್ನನ್ನು ಕರೆಸ್ಲಿಕ್ಕೆ ಚೀನಾದವರು ಬಿಡುದಿಲ್ಲ ಮಾರಾಯ್ತಿ.”