ಬಕೆಟ್ಟಿನಲ್ಲಿ ಬಾವುಟ

ಸೂರ್ಯ ಕಣ್ಣು ಬಿಡುವ ಮೊದಲೇ ಟೈಲರಮ್ಮ ನಲ್ಲಿ ನೀರು ಹಿಡಿದಿದ್ದಳು, ಹಾಲು ಕಾಯಿಸಿದ್ದಳು, ಅತ್ತೆಗೆ ಮಾತ್ರೆ ಕೊಟ್ಟಿದ್ದಳು, ಮೆಟ್ಟಿಲು ಗುಡಿಸಿದ್ದಳು, ಮಕ್ಕಳ ಡಬ್ಬಿಗೆ ತರಕಾರಿ ಹೆಚ್ಚಿಟ್ಟಿದ್ದಳು, ಕೊನೆಗೆ ರಾಜ್ಯದ ಹೊಸ ಬಾವುಟದ ಅಂಚನ್ನೂ ಮಡಚಿ ಹೊಲಿದು ಮುಗಿಸಿದ್ದಳು. ಅದಾದ ಮೇಲೆ ಬಾವುಟದ ಕರ್ತೃ ಎದ್ದರು.

ಕರ್ತೃ ಎಂದರೆ ಅವಳ ಗಂಡ, ಶಾಲೆಯ ಡ್ರಾಯಿಂಗ್ ಮೇಷ್ಟ್ರು. ರಾಜ್ಯಕ್ಕೊಂದು ಬಾವುಟ ಬೇಕೆಂದು ಸರ್ಕಾರ ಕರೆದ ಸ್ಪರ್ಧೆಯಲ್ಲಿ ಅವರ ಚಿತ್ರ ಕೊನೆಯ ಸುತ್ತಿಗೆ ಬಂದಿತ್ತು. ಬಟ್ಟೆಯ ಮಾದರಿಯನ್ನು ಅಂದು ಹನ್ನೊಂದಕ್ಕೆ ಸಮಿತಿಯ ಮುಂದಿಡಬೇಕು. ಮೇಲೆ ಹಸಿರು, ಸಮೃದ್ಧಿ. ಕೆಳಗೆ ಕೆಂಪು, ಧೈರ್ಯ. ನಡುವೆ ಬಿಳಿ, ಶಾಂತಿ. ಶಾಂತಿಯ ಮಧ್ಯೆ ದೀಪ ಹಿಡಿದು ನಿಂತ ನಾಡತಾಯಿ. "ಇವಳನ್ನ ಕೂರಿಸಬಹುದಿತ್ತಲ್ರೀ" ಎಂದು ಟೈಲರಮ್ಮ ಹಿಂದೊಮ್ಮೆ ಕೇಳಿದ್ದಕ್ಕೆ, ನಾಡತಾಯಿ ಕೂತರೆ ಘನತೆ ಏನುಳಿಯಿತು ಎಂದು ಅರ್ಧ ಗಂಟೆ ಪಾಠ ಮಾಡಿದ್ದರು, ಕುರ್ಚಿಯಲ್ಲಿ ಕೂತು.

ಎದ್ದವರೇ ಬಾವುಟವನ್ನು ಬೆಳಕಿಗೆ ಹಿಡಿದು ಮೆಚ್ಚುವ ಭರದಲ್ಲಿ ಶಾಂತಿಯ ಮೇಲೆ ಟೀ ತುಳುಕಿಸಿದರು. ಟೈಲರಮ್ಮ ಕೈ ಚಾಚಿದಳು. ಮೇಷ್ಟ್ರು ಕೊಡಲಿಲ್ಲ. ನಾಡಿನ ಮಾನವನ್ನು ಲಂಗ, ದಿಂಬಿನ ಚೀಲಗಳ ಜೊತೆ ಅದ್ದಲು ಬಿಡುವುದಿಲ್ಲವೆಂದೂ ತಾವೇ ಒಗೆಯುವುದಾಗಿಯೂ ಘೋಷಿಸಿ, ಕುದಿಯುವ ನೀರಿನೊಂದಿಗೆ ಬಚ್ಚಲು ಹೊಕ್ಕು ಚಿಲಕ ಹಾಕಿಕೊಂಡರು. ಮದುವೆಯಾದ ಹದಿನಾರು ವರ್ಷದಲ್ಲಿ ಒಂದು ಕರ್ಚೀಫನ್ನೂ ಹಿಂಡಿದವರಲ್ಲ!

"ರೀ, ಕೆಂಪು ಬಣ್ಣ ಬಿಡುತ್ತೆ. ಬಿಸಿನೀರಿಗೆ ಹಾಕ್ಬೇಡಿ."

"ಬಟ್ಟೆ ಒಗೆಯೋದೇನು ಬ್ರಹ್ಮವಿದ್ಯೆನಾ?"

ಬಾಗಿಲು ತೆರೆದಾಗ ಧೈರ್ಯವು ಶಾಂತಿಯನ್ನು ಪೂರ್ತಿ ನುಂಗಿ ನೀರು ಕುಡಿದಿತ್ತು. ಸಮೃದ್ಧಿ ಕೊಳೆತ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ನಾಡತಾಯಿ ಸಿಟ್ಟು ಬಂದವಳಂತೆ ಕೆಂಪಗಾಗಿದ್ದಳು.

"ಇದಕ್ಕೂ ಏನಾದ್ರೂ ಅರ್ಥ ಹೇಳಬಹುದು." ಮೇಷ್ಟ್ರ ದನಿ ಬಕೆಟ್ಟಿನ ತಳದಿಂದ ಬಂದಂತಿತ್ತು.

"ಹೇಳ್ಬಹುದು ಕಣೋ," ಎಂದರು ಅತ್ತೆ, "ಗಂಡಸೊಬ್ಬ ಬಟ್ಟೆ ಒಗೆದ ಅಂತ."

ಉಳಿದ ಬಟ್ಟೆಯಲ್ಲಿ ಇನ್ನೊಂದನ್ನು ಹೊಲಿಯಬಹುದಿತ್ತು. ಮೇಷ್ಟ್ರು ಕಣ್ಣಲ್ಲೇ ಬೇಡಿದರು. ಅವಳು ಖಾಲಿ ಡಬ್ಬಿಗಳತ್ತ ಬೆರಳು ತೋರಿಸಿದಳು. ಅವರು ಅಡುಗೆಮನೆಗೆ ನಡೆದರು.

ಟೈಲರಮ್ಮ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡಳು. ಮಿಷನ್ ಓಡಿತು, ಮೂರು ಪಟ್ಟಿಗಳು ಕೂಡಿದವು. ನಾಡತಾಯಿಯನ್ನು ಕತ್ತರಿಸುವಾಗ ಅವಳ ಕಾಲುಗಳ ಮೇಲೆ ಕಣ್ಣು ನಿಂತಿತು. ಪಾಪ, ಇವಳೂ ನಸುಕಿನ ನಾಲ್ಕರಿಂದ ನಿಂತೇ ಇರಬೇಕು. ಅಡುಗೆಮನೆಯಲ್ಲಿ ಏನೋ ಬಿದ್ದು ಉರುಳಿತು. ಉಪ್ಪು ಎಲ್ಲಿದೆ ಎಂಬ ಕೂಗು ಬಂತು. ಅವಳು ಹಸಿರು ಬಟ್ಟೆಯತ್ತ ಕೈ ಚಾಚಿದಳು. ಮಿಕ್ಕ ಹಸಿರು ಚೂರಿನಲ್ಲಿ ಒಂದು ಸ್ಟೂಲು ಕತ್ತರಿಸಿ, ನಾಡತಾಯಿಯನ್ನು ಅದರ ಮೇಲೆ ಕೂರಿಸಿ, ಸುತ್ತಲೂ ಗಟ್ಟಿಯಾಗಿ ಹೊಲಿಗೆ ಹಾಕಿದಳು. ಅರ್ಥವನ್ನು ಹನ್ನೊಂದು ಗಂಟೆಗೆ ಮೇಷ್ಟ್ರು ಹೇಗೂ ಹೇಳುತ್ತಾರೆ, ನಿಂತುಕೊಂಡು.