ಅತ್ತೆಗೊಂದು ಜನರೇಟರ್

ಕೊಳ್ಳುವುದೇ ನನ್ನ ಕಸುಬು. ಹೊಸೂರಿನ ಒಂದು ಕಾರ್ಖಾನೆಯ ಪರ್ಚೇಸ್ ವಿಭಾಗದಲ್ಲಿ ಕೂತು, ನಟ್ಟು ಬೋಲ್ಟಿನಿಂದ ಹಿಡಿದು ಕ್ಯಾಂಟೀನಿನ ಸೌಟಿನವರೆಗೆ, ಕಂಪನಿಯ ದುಡ್ಡಿನಲ್ಲಿ ಕಣ್ಣು ಮಿಟುಕಿಸದೆ ಕೊಂಡುಹಾಕುತ್ತೇನೆ. ಮೂರು ಕಡೆಯಿಂದ ಕೊಟೇಶನ್ ತರಿಸು, ಹೋಲಿಸಿ ನೋಡು, ಒಂದಕ್ಕೆ ಟಿಕ್ ಹಾಕು, ಸಹಿ ಜಡಿ. ಅಷ್ಟೇ. ಆದರೆ ಅದೇ ನನ್ನನ್ನು ಮತ್ತಿಗಿರಿಯ ನಮ್ಮ ಬೀದಿಯ ತರಕಾರಿ ಗಾಡಿಯ ಮುಂದೆ ನಿಲ್ಲಿಸಿ, ಬದನೆಕಾಯಿ ಆರಿಸು ಅನ್ನಿ, ಮುಗಿಯಿತು ಕಥೆ! ಗುಂಡು ಬದನೆಯೋ ಉದ್ದ ಬದನೆಯೋ, ಹಸಿರೋ ನೇರಳೆಯೋ ಎಂದು ನಾನು ಒಂದನ್ನು ಎತ್ತಿ ಇನ್ನೊಂದನ್ನು ಇಡುತ್ತಿರುವಾಗ, ಗಾಡಿಯವನೇ ಬೇಸತ್ತು ತನಗೆ ತೋಚಿದ್ದನ್ನು ತೂಗಿ ಚೀಲಕ್ಕೆ ಸುರಿದು ಕಳಿಸುತ್ತಾನೆ. ಆಫೀಸಿನಲ್ಲಿ ಅಷ್ಟು ಚುರುಕಾಗಿರುವ ಬುದ್ಧಿ ಸ್ವಂತ ಮನೆಗೆ ಕೊಳ್ಳುವಾಗ ಯಾಕೆ ಕೈಕೊಡುತ್ತದೆಯೋ ನಾ ಕಾಣೆ. ಇಂಥವಳ ತಲೆಯ ಮೇಲೆ ಒಂದು ಜನರೇಟರ್ ಕೊಳ್ಳುವ ಕೆಲಸ ಬಂದು ಕೂತರೆ ಏನಾಗಬೇಡ, ನೀವೇ ಹೇಳಿ.

ಜನರೇಟರ್ ಬೇಕಾಗಿದ್ದು ನಮ್ಮತ್ತೆಗೆ. ಕನಕಪುರದ ಕಡೆಯ ಹಳ್ಳಿಯಲ್ಲಿ ಸೌದೆ ಒಲೆಯ ಮುಂದೆ ಕೂತು ಊದಿ ಊದಿ, ಊದುಗೊಳವೆಗಿಂತ ಮೊದಲು ಅತ್ತೆಯ ಶ್ವಾಸಕೋಶವೇ ಸವೆದುಹೋಗಿತ್ತು. ನಮ್ಮ ಮನೆಗೆ ಬಂದ ಮೇಲೆ ಡಾಕ್ಟರು ಒಂದು ಯಂತ್ರ ಬರೆದುಕೊಟ್ಟರು. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸೋಸಿ, ಆಮ್ಲಜನಕವನ್ನು ಮೂಗಿಗೆ ಕಳಿಸುವ ಪೆಟ್ಟಿಗೆ ಅದು. ಅತ್ತೆ ಅದನ್ನು ‘ಗಾಳಿ ಮಿಷಿನ್ನು’ ಎನ್ನುತ್ತಾರೆ. ದಿನದ ಹೆಚ್ಚು ಹೊತ್ತು ಅದರ ಕೊಳವೆ ಮೂಗಿನಲ್ಲಿರಬೇಕು; ಒಂದೆರಡು ಗಂಟೆ ಬಿಟ್ಟಿರಬಹುದು, ಅದಕ್ಕಿಂತ ಹೆಚ್ಚಾದರೆ ತುಟಿ ನೀಲಿಯಾಗುತ್ತದೆ. ಹಾಗಂತ ನಮ್ಮತ್ತೆ ಮಂಚ ಹಿಡಿದು ನರಳುವ ಪೈಕಿ ಅಲ್ಲ. ಉದ್ದನೆಯ ಕೊಳವೆ ಹಾಕಿಸಿಕೊಂಡು, ಅದನ್ನು ಸೆರಗಿನಂತೆ ಹಿಂದೆ ಬಿಟ್ಟುಕೊಂಡು, ಮನೆಯೆಲ್ಲ ತಿರುಗುತ್ತಾರೆ. ಪಕ್ಕದ ಮನೆಯ ಸೆಲ್ವಿಯ ಜೊತೆ ಗೋಡೆಯಾಚೆ ಈಚೆ ನಿಂತು ದಿನವಿಡೀ ಮಾತು. ಇವರಿಗೆ ತಮಿಳು ಬಾರದು, ಆಕೆ ಧರ್ಮಪುರಿಯಿಂದ ಹೊಸದಾಗಿ ಬಂದವಳು, ಕನ್ನಡ ಬಾರದು. ಆದರೂ ಇಬ್ಬರೂ ನಗಬೇಕಾದಲ್ಲಿ ಸರಿಯಾಗಿ ನಗುತ್ತಾರೆ. ಅದು ಹೇಗೆ ಎಂದು ಒಮ್ಮೆ ಕೇಳಿದೆ. “ಸೊಸೆ ದೂರು ಯಾವ ಭಾಷೇಲಿ ಹೇಳಿದ್ರೂ ಅರ್ತ ಆಯ್ತದೆ ಕಣವ್ವ” ಎಂದರು, ಸೊಸೆಯಾದ ನನ್ನ ಮುಖವನ್ನೇ ನೋಡುತ್ತಾ.

ನಮ್ಮ ಬೀದಿಯಲ್ಲಿ ವಿದ್ಯುತ್ತು ಹೋದರೆ ಮೂರು ಭಾಷೆಯಲ್ಲಿ ಹೋಗುತ್ತದೆ. ‘ಕರೆಂಟ್ ಹೋಯ್ತು’ ಎಂದು ನಮ್ಮ ಮನೆಯಿಂದ, ‘ಕರೆಂಟ್ ಪೋಚ್ಚು’ ಎಂದು ಸೆಲ್ವಿಯ ಮನೆಯಿಂದ, ‘ಕರೆಂಟ್ ಪೋಯಿಂದಿ’ ಎಂದು ಎದುರು ಮನೆಯಿಂದ. ಮೂರೂ ಕೇಳಿಸಿದರೆ ಇಡೀ ಬೀದಿಗೆ ಹೋಗಿದೆ ಎಂದರ್ಥ. ಕನ್ನಡ ಮಾತ್ರ ಕೇಳಿಸಿದರೆ ನಮ್ಮ ಮನೆಯ ಫ್ಯೂಸೇ ಹೋಗಿದೆ ಎಂದರ್ಥ. ತಂತಿ ರಿಪೇರಿಗೆಂದು ತಿಂಗಳಿಗೊಮ್ಮೆ ಬೆಳಗಿನಿಂದ ಸಂಜೆಯವರೆಗೆ ಶಟ್‌ಡೌನ್ ಬೇರೆ. ಮನೆಯಲ್ಲಿದ್ದ ಯುಪಿಎಸ್ಸು ಫ್ಯಾನು ದೀಪಗಳಿಗೆ ಗಟ್ಟಿಗ, ಗಾಳಿ ಮಿಷಿನ್ನನ್ನು ಕಂಡರೆ ಮಾತ್ರ ಬೇಗ ಕೈಚೆಲ್ಲಿ ‘ಕೀಂ ಕೀಂ’ ಎಂದು ಅಳತೊಡಗುತ್ತಿತ್ತು. ಹಾಗಾಗಿ ಶಟ್‌ಡೌನ್ ದಿನ ನಾನು ರಜೆ ಹಾಕಿ, ಅತ್ತೆಯನ್ನೂ ಮಿಷಿನ್ನನ್ನೂ ಕಾರಿನಲ್ಲಿ ಹೇರಿಕೊಂಡು, ಕರೆಂಟ್ ಬ್ಯಾಕಪ್ ಇರುವ ಗೆಳತಿಯೊಬ್ಬಳ ಅಪಾರ್ಟ್‌ಮೆಂಟಿಗೆ ಹೋಗಿ ಕೂರುತ್ತಿದ್ದೆ. ಈ ಸಂಗತಿ ಬೆಂಗಳೂರಿನಲ್ಲಿರುವ ಭಾವನವರ ಕಿವಿಗೆ ಬಿತ್ತು. “ಅಮ್ಮನ್ನ ಇಲ್ಲಿಗೇ ಕಳ್ಸಿಬಿಡಿ. ನಮ್ಮಲ್ಲಿ ಇಪ್ಪತ್ನಾಲ್ಕು ಗಂಟೆ ಬ್ಯಾಕಪ್ ಇದೆ. ಆಷಾಢದ ಗಾಳಿ ಶುರುವಾದ್ರೆ ಅಲ್ಲಿ ಇನ್ನೂ ಕಷ್ಟ” ಎಂದರು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಅತ್ತೆ ಸೊಸೆಯ ವಿಷಯದಲ್ಲಿ ಇಂಥದ್ದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಆದರೂ ಹೇಳಿಬಿಡುತ್ತೇನೆ: ಆಕೆ ಹೋಗುವುದು ನನಗೆ ಬೇಕಿರಲಿಲ್ಲ. ಸಂಜೆ ಆಫೀಸಿನಿಂದ ಬಂದಾಗ ಬಾಗಿಲಲ್ಲೇ “ಬಂದ್ಯಾ? ಏನೇನ್ ಕೊಂಡ್ಕೊಂಡೆ ಇವತ್ತು ಕಂಪ್ನಿಗೆ?” ಎಂದು ಕೇಳುವವರು ಇಲ್ಲದ ಮನೆಯನ್ನು ನೆನೆಸಿಕೊಂಡರೇ ಮನಸ್ಸು ಬಣಗುಡುತ್ತಿತ್ತು. ಭಾವನವರ ಮಾತು ಕೇಳಿದ ಅತ್ತೆ ಟ್ರಂಕಿನಲ್ಲಿದ್ದ ಸೀರೆಗಳನ್ನು ಒಮ್ಮೆ ಬಿಸಿಲಿಗೆ ಹಾಕಿ ಮಡಿಸಿಟ್ಟರು. ಅದನ್ನು ನೋಡಿದವಳೇ ನಾನು ಜನರೇಟರ್ ಕೊಳ್ಳುವುದೆಂದು ಘೋಷಿಸಿದೆ.

ಘೋಷಿಸುವುದು ಸುಲಭ. ಆಫೀಸಿನ ಚಾಳಿಯಂತೆ ಮೂರು ಕೊಟೇಶನ್ ತರಿಸಿ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿದೆ. ಎಷ್ಟು ವ್ಯಾಟು, ಎಷ್ಟು ತೂಕ, ಎಷ್ಟು ಪೆಟ್ರೋಲಿಗೆ ಎಷ್ಟು ಹೊತ್ತು, ವಾರಂಟಿ ಎಷ್ಟು. ನನ್ನದೇ ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿರುವ ನಮ್ಮವರು ಪಟ್ಟಿ ನೋಡಿ ಸುಮ್ಮನಿರಬೇಕಲ್ಲ! “ಫ್ರಿಜ್ಜೂ ಓಡ್ಬೇಕಲ್ವಾ?” ಎಂದರು. ಇನ್ನೊಂದು ಕಾಲಂ. “ಫ್ರಿಜ್ ಓಡಿದ ಮೇಲೆ ನೀರಿನ ಮೋಟರ್ ಯಾಕೆ ಓಡಬಾರದು?” ಮತ್ತೊಂದು ಕಾಲಂ. ಮೋಟರು ಸ್ಟಾರ್ಟ್ ಆಗುವಾಗ ದುಪ್ಪಟ್ಟು ಮೂರುಪಟ್ಟು ಕರೆಂಟು ಎಳೆಯುತ್ತದೆಂದು ಗೊತ್ತಾಗಿ, ಜನರೇಟರ್ ದೊಡ್ಡದಾಗುತ್ತಾ ಹೋಗಿ, ಕೊನೆಗೆ ಅದಕ್ಕೆ ಮನೆಯ ಹಿಂದೆ ಒಂದು ಕೋಣೆ ಕಟ್ಟಿಸಬೇಕೆಂಬಲ್ಲಿಗೆ ಬಂದು ನಿಂತಿತು. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಮಗನನ್ನು ಕೇಳಿದರು: “ಲೋ ಮಂಜ, ನೀವಿಬ್ರೂ ತರ್ತಿರೋದು ನನ್ ಮೂಗ್ಗಾ, ಇಲ್ಲ ಮತ್ತಿಗಿರಿಗಾ?”

ಈ ನಡುವೆ ನಮ್ಮವರ ಜೊತೆ ಕೆಲಸ ಮಾಡುವ ಮುನಿರಾಜು ಒಂದು ಉಪಕಾರ ಮಾಡಿದ. ಅವನದು ಸಾನಮಾವು, ಕಾಡಿನ ಅಂಚಿನಲ್ಲಿ ಹೊಲ. ಟೊಮೇಟೊ ಕಾಯಲು ಅಲ್ಲೊಂದು ಜನರೇಟರ್ ಇಟ್ಟುಕೊಂಡಿದ್ದ. ಭಾನುವಾರ ಅದನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದೇಬಿಟ್ಟ. “ಅಕ್ಕಾ, ಹೊಸದ್ಯಾಕೆ? ಇದನ್ನೇ ಇಕ್ಕೊಳ್ಳಿ. ನಾನು ಹೊಲ್ದಾಗೆ ಒಂದ್ ದಪ ಎಳ್ದೆ ಅಂದ್ರೆ, ಆನೆಗ್ಳು ಜವಳಗಿರಿ ಕಾಡ್ಗಂಟ ತಿರುಗಿ ನೋಡ್ದಂಗೆ ಓಡೋಯ್ತವೆ!” ಎಂದು ಹೆಮ್ಮೆಯಿಂದ ಹಗ್ಗ ಎಳೆದ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆ ಇರಲಿಲ್ಲ. ಕಿಟಕಿ ಗಾಜು ಗಡಗಡ ಅಂದವು, ಸೆಲ್ವಿ ಸೌಟು ಹಿಡಿದುಕೊಂಡೇ ಬೀದಿಗೆ ಓಡಿಬಂದಳು, ಕರಿಯ ಹೊಗೆ ಎದ್ದು ಸೀದಾ ಅತ್ತೆಯ ಕೋಣೆಗೆ ನುಗ್ಗಿತು. ಅತ್ತೆಗೆ ಕೆಮ್ಮು ಹತ್ತಿಕೊಂಡಿತು ನೋಡಿ, ನಾನು ಓಡಿಹೋಗಿ ಕಿಟಕಿ ಮುಚ್ಚಿದೆ. ಮುನಿರಾಜು ಮಿಷಿನ್ನು ಆರಿಸಿ, ಮಾಡಬಾರದ್ದು ಮಾಡಿದವನಂತೆ ತಲೆ ತಗ್ಗಿಸಿ ನಿಂತ. ಉಸಿರು ಹತೋಟಿಗೆ ಬಂದ ಮೇಲೆ ಅತ್ತೆ ಅವನನ್ನು ಕರೆದರು. ಬೈಯುತ್ತಾರೆಂದುಕೊಂಡೆ. “ಚೆಂದಾಗದೆ ಕಣಪ್ಪ ನಿನ್ ಮಿಷಿನ್ನು. ಆದ್ರೆ ಆನೆಗಾದ್ರೆ ಓಡೋಗಕ್ಕೆ ಕಾಡದೆ. ನಾನ್ ಎಲ್ಲಿಗ್ ಓಡೋಗ್ಲಿ ಹೇಳು?” ಎಂದು, ಅವನಿಗೆ ಕಾಫಿ ಕೊಡಲು ನನಗೆ ಹೇಳಿದರು.

ಮರುದಿನ ಸಂಜೆಯೇ ಅತ್ತೆ ಸೀರೆ ಬದಲಿಸಿ ಹೊರಟು ನಿಂತರು. “ನಡೀರಿ ಅಂಗ್ಡಿಗೆ. ನನ್ ಉಸ್ರು ತರಾಕೆ ನಾನೇ ಬತ್ತೀನಿ.” ತಳಿ ರಸ್ತೆಯ ಕಡೆಯ ಒಂದು ಅಂಗಡಿಗೆ ಹೋದೆವು. ಯಜಮಾನರು ಸೇಲಂ ಕಡೆಯವರು, ತಮಿಳಿನಲ್ಲಿ ಶುರುಮಾಡಿ ಬೇಕಾದಲ್ಲಿ ಕನ್ನಡಕ್ಕೆ ಹಾರುವವರು. ಮೊದಲು ಹಗ್ಗ ಎಳೆದು ಸ್ಟಾರ್ಟ್ ಮಾಡುವುದನ್ನು ತೋರಿಸಿದರು. “ಲೇಡೀಸೇ ಎಳೀಬೋದು ಮೇಡಂ, ಈಸಿ” ಎಂದರು. ನಾನು ಸೆರಗು ಸಿಕ್ಕಿಸಿಕೊಂಡು, ಕಾಲು ಅಗಲಿಸಿ, ಶಕ್ತಿಯೆಲ್ಲ ಒಗ್ಗೂಡಿಸಿ ಎಳೆದೆ. ಜನರೇಟರ್ ‘ಗುಳಕ್’ ಎಂದಿತು. ನನ್ನ ಮೊಣಕೈ ಹಿಂದೆ ಪೇರಿಸಿಟ್ಟಿದ್ದ ಫ್ಯಾನಿನ ಪೆಟ್ಟಿಗೆಗಳಿಗೆ ಬಡಿದು ಅವು ದಬದಬ ಉರುಳಿದವು. ಅತ್ತೆ ಸ್ಟೂಲಿನ ಮೇಲೆ ಕೂತು ಇದನ್ನೆಲ್ಲ ನೋಡಿ, “ಇವ್ಳು ಎಳ್ದು ಎಳ್ದು ಅದು ಸ್ಟಾರ್ಟ್ ಆಗೋ ಹೊತ್ಗೆ ನನ್ ತಿತಿ ವಡೆ ತಣ್ಣಗಾಗಿರ್ತದೆ. ಬೀಗದ ಕೈ ತಿರುವೋ ಅಂತಾದ್ದಿದ್ರೆ ತೋರ್ಸಪ್ಪ. ನಾನೇ ತಿರುವ್ಕೋತೀನಿ” ಎಂದರು. ಸ್ಟಾರ್ಟ್ ಮಾಡುವವರು ಯಾರು ಎಂಬ ಕಾಲಂ ನನ್ನ ಅಷ್ಟುದ್ದದ ಪಟ್ಟಿಯಲ್ಲಿ ಇರಲೇ ಇಲ್ಲ, ಸ್ವಾಮಿ.

ಯಜಮಾನರು ಒಳಗಿನಿಂದ ಒಂದು ಕೆಂಪು ಪೆಟ್ಟಿಗೆ ತಂದರು. ಸೂಟ್‌ಕೇಸಿನಂತೆ ಹಿಡಿಕೆ, ಕೀಲಿ ತಿರುಗಿಸಿದರೆ ಸ್ಟಾರ್ಟ್, ಆಸ್ಪತ್ರೆ ಸಾಮಾನುಗಳಿಗೆ ಒಗ್ಗುವಂಥ ನಯವಾದ ಕರೆಂಟು. ಅತ್ತೆಯ ಕಡೆ ಬಾಗಿ, ಎದೆ ತಟ್ಟಿಕೊಂಡು ಅವರು ದೊಡ್ಡ ದನಿಯಲ್ಲಿ ಭರವಸೆ ಕೊಟ್ಟರು: “ಸತ್ತಮೇ ವರಾದುಮ್ಮಾ! ಸತ್ತಮೇ ವರಾದು!” ನಾನು ಹೌಹಾರಿದೆ. ಅತ್ತೆ ಮಾತ್ರ ಮಿಸುಕಲಿಲ್ಲ. “ಸತ್ತ ಮ್ಯಾಲೆ ಬರಾಕಿಲ್ಲ ಅಂತ ನಂಗೂ ಗೊತ್ತು ಕಣಪ್ಪ. ಚಿನ್ನ ಬರಾಕಿಲ್ಲ, ಹೊಲ ಬರಾಕಿಲ್ಲ, ಇನ್ನ ನಿನ್ ಜನರೇಟ್ರು ಬತ್ತದಾ? ಬದುಕಿರೋಗಂಟ ಬತ್ತದಾ? ಅದ್ನ ಹೇಳು!” ಎಂದರು. ತಮಿಳಿನಲ್ಲಿ ‘ಸತ್ತಂ’ ಎಂದರೆ ಸದ್ದು. ಸದ್ದೇ ಬರುವುದಿಲ್ಲಮ್ಮಾ ಎಂದು ಆ ಮನುಷ್ಯ ಹೇಳಿದ್ದು. ತಮ್ಮ ಮಾತು ಕನ್ನಡದ ಕಿವಿಗೆ ಹೇಗೆ ಬಿದ್ದಿದೆ ಎಂದು ಹೊಳೆದಾಗ ಅವರ ಮುಖ ನೋಡಬೇಕಿತ್ತು. “ಐಯ್ಯಯ್ಯೋ ಅಮ್ಮಾ! ಸೌಂಡು, ಸೌಂಡು ಬರಲ್ಲ! ನೀವು ನೂರು ವರ್ಷ ಇರ್ಬೇಕು!” ಎಂದು ಕೈಮುಗಿದರು. ನಮ್ಮವರು ಫ್ಯಾನಿನ ಪೆಟ್ಟಿಗೆಗಳ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದರು. ಅಂಗಡಿಯವರು ಕೆಂಪು ಪೆಟ್ಟಿಗೆಯನ್ನು ಹೊರಗಿನ ಕಟ್ಟೆಗೆ ಎತ್ತಿಕೊಂಡು ಹೋಗಿಟ್ಟು ಕೀಲಿಯನ್ನು ಅತ್ತೆಯ ಕೈಗೇ ಕೊಟ್ಟರು. ಅತ್ತೆ ತಿರುಗಿಸಿದರು. ಅದು ಮೆಲ್ಲಗೆ ಗುನುಗತೊಡಗಿತು. ಅದರ ಬೆನ್ನ ಮೇಲೆ ಕೈಯಿಟ್ಟು, “ಗುಮ್ಮನಗುಸುಕ ಇದು. ಇರ್ಲಿ, ನಮ್ ಮನೇಲಿ ಮಾತಾಡೋರು ಬೇಕಾದಷ್ಟು ಜನ ಅವ್ರೆ. ಇದೇ ಸಾಕು” ಎಂದು ತೀರ್ಮಾನ ಕೊಟ್ಟರು. ವಾರಗಟ್ಟಲೆ ನಾವು ಗುದ್ದಾಡಿದ್ದನ್ನು ಆಕೆ ಸ್ಟೂಲಿನ ಮೇಲಿನಿಂದ ಮುಗಿಸಿದ ರೀತಿಗೆ ನಾನು ಮನಸ್ಸಿನಲ್ಲೇ ಅಡ್ಡಬಿದ್ದೆ. ಉಸಿರು ಅಷ್ಟು ಕಮ್ಮಿ ಇಟ್ಟುಕೊಂಡು ಇಷ್ಟು ಗಟ್ಟಿಯಾಗಿ ಬದುಕುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೊಗೆ ಎಷ್ಟು ಕಡಿಮೆಯಿದ್ದರೂ ಹೊಗೆಯೇ, ಕಿಟಕಿ ಬಾಗಿಲಿನ ಹತ್ತಿರ ಮಾತ್ರ ಇಡಲೇಬೇಡಿ ಎಂದು ಅಂಗಡಿಯವರು ಹತ್ತು ಸಲ ಹೇಳಿ ಕಳಿಸಿದ್ದರು. ಹಾಗಾಗಿ ಮುಂದಿನ ಗೇಟಿನ ಪಕ್ಕ, ಬಯಲಿಗೆ ಮುಖಮಾಡಿ ಅದಕ್ಕೊಂದು ತಗಡಿನ ಸೂರು ಮಾಡಿಸಿ, ಅಲ್ಲಿಂದ ಮನೆಯೊಳಕ್ಕೆ ವೈರು ಎಳೆಸಿದೆವು. ಅದಕ್ಕೆ ಬೀದಿಯಲ್ಲೆಲ್ಲ ‘ಸತ್ತಮೇ’ ಎಂದೇ ಹೆಸರಾಯಿತು. ಅತ್ತೆ ಎರಡೇ ಸಲ ನೋಡಿ ಕಲಿತರು: ಪೆಟ್ರೋಲಿನ ನಲ್ಲಿ ತೆರೆ, ಕೀಲಿ ತಿರುಗಿಸು, ಒಳಗೆ ಬಂದು ಸ್ವಿಚ್ ಬದಲಿಸು. ಭಾವನವರಿಗೆ ಫೋನಿನಲ್ಲಿ, “ನನ್ ಕರೆಂಟ್ನ ನಾನೇ ಮಾಡ್ಕೋತೀನಿ ಕಣ್ಲಾ, ನೀನ್ ನಿಮ್ಮನೆ ಲಿಫ್ಟ್ ನೋಡ್ಕೊ” ಎಂದರಂತೆ. ಭಾವನವರು ನನಗೆ ಫೋನ್ ಮಾಡಿ, ಈ ಸಲದ ಶಟ್‌ಡೌನ್ ಸುಸೂತ್ರವಾಗಿ ಕಳೆದರೆ ಇನ್ನು ಆ ಮಾತು ಎತ್ತುವುದಿಲ್ಲ, ಏನಾದರೂ ಎಡವಟ್ಟಾದರೆ ಮಾತ್ರ ಬಂದು ಕರೆದುಕೊಂಡು ಹೋಗುವುದೇ ಎಂದರು.

ಆ ದಿನ ರಜೆ ಹಾಕುತ್ತೇನೆಂದರೆ ಅತ್ತೆ ಬಿಡಲಿಲ್ಲ. “ನೀನಿದ್ರೆ ಗೆದ್ದಿದ್ದು ನೀನಾಗ್ಬುಡ್ತೀಯ. ನಡಿ ಆಪೀಸ್ಗೆ” ಎಂದು ಅಟ್ಟಿದರು. ಹೋದೆ. ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಫೋನ್ ಮಾಡಿದಾಗ ಎಲ್ಲ ಸರಿಯಿತ್ತು. ಮಧ್ಯಾಹ್ನ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಇಲ್ಲ. ಸೆಲ್ವಿಗೆ ಮಾಡಿದೆ, ಅವಳೂ ಎತ್ತಲಿಲ್ಲ. ಮೀಟಿಂಗಿನಲ್ಲಿ ಮ್ಯಾನೇಜರು ಏನೋ ಕೇಳುತ್ತಿದ್ದಾರೆ, ನನಗೆ ಬರೀ ಆ ನೀಲಿ ತುಟಿಯೇ ಕಣ್ಣ ಮುಂದೆ. ಪೆಟ್ರೋಲ್ ಮುಗಿಯಿತೋ, ಗೇಟಿನ ಹತ್ತಿರ ಬಿದ್ದರೋ, ಹೊಗೆ ಒಳಗೆ ನುಗ್ಗಿತೋ! ಬ್ಯಾಗು ಎತ್ತಿಕೊಂಡು ಎದ್ದೆ. ಸ್ಕೂಟರನ್ನು ಹೇಗೆ ಓಡಿಸಿದೆನೋ, ಯಾರ್ಯಾರು ಬೈದರೋ ದೇವರಿಗೇ ಗೊತ್ತು. ನಮ್ಮ ಗೇಟಿನ ಮುಂದೆ ಬಂದು ನಿಂತು ಕೇಳಿದರೆ, ಸದ್ದೇ ಇಲ್ಲ! ಜನರೇಟರ್ ಸತ್ತು ಮಲಗಿದೆ! ಸ್ಕೂಟರನ್ನು ಅಲ್ಲೇ ಕೆಡವಿ ಒಳಗೆ ಓಡಿದೆ. ಮಂಚ ಖಾಲಿ. ಮಿಷಿನ್ನಿನಿಂದ ಹೊರಟ ಕೊಳವೆ ನೆಲದ ಮೇಲೆ ಹರಿದು, ಅಡುಗೆಮನೆ ದಾಟಿ, ಹಿತ್ತಿಲ ಬಾಗಿಲಾಚೆ ಹೋಗಿತ್ತು. ಅದರ ಜಾಡು ಹಿಡಿದು, “ಅತ್ತೇ!” ಎಂದು ಕಿರುಚುತ್ತಾ ಓಡಿದೆ.

ಹಿತ್ತಿಲ ಮೆಟ್ಟಿಲ ಮೇಲೆ ಅತ್ತೆ ಮಹಾರಾಣಿಯಂತೆ ಕೂತಿದ್ದರು. ಮೂಗಿನಲ್ಲಿ ಕೊಳವೆ, ಮಡಿಲಲ್ಲಿ ಅಲಸಂದೆಕಾಯಿ. ಸುತ್ತ ಸೆಲ್ವಿಯೂ ಎದುರು ಮನೆಯವರೂ ಕೂತು ಕಾಳು ಬಿಡಿಸುತ್ತಿದ್ದರು. ಬೀದಿಯ ಫೋನುಗಳೆಲ್ಲ ನಡುಮನೆಯಲ್ಲಿ ನಮ್ಮ ಎಕ್ಸ್‌ಟೆನ್ಶನ್ ಬೋರ್ಡಿಗೆ ಜೋತುಬಿದ್ದು ಚಾರ್ಜ್ ಆಗುತ್ತಿದ್ದವಂತೆ, ಹಿತ್ತಿಲಲ್ಲಿ ಕೂತವರಿಗೆ ನನ್ನ ಕರೆ ಕೇಳುವುದಾದರೂ ಹೇಗೆ? “ಯಾರವ್ವ ನೀನು, ಮೂತಿನೇ ಕಾಣಾಕಿಲ್ಲ?” ಎಂದರು ಅತ್ತೆ. ಆಗ ಗೊತ್ತಾಯಿತು, ನಾನು ಹೆಲ್ಮೆಟ್ಟನ್ನೇ ತೆಗೆದಿರಲಿಲ್ಲ. ತೆಗೆದೆ. ಗೇಟಿನ ಕಡೆಯಿಂದ ‘ಸತ್ತಮೇ’ ಗುನುಗುತ್ತಿರುವುದು ಸಣ್ಣಗೆ ಕಿವಿಗೆ ಬಿತ್ತು. ನನ್ನ ಎದೆ ತಿದಿಯಂತೆ ಏರಿಳಿಯುತ್ತಿದೆ, ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತಿದ್ದೇನೆ. ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೆಲ್ಲಗೆ ತಮ್ಮ ಮೂಗಿನಿಂದ ಕೊಳವೆ ಬಿಡಿಸಿ, ಸೆರಗಿನಿಂದ ಒರೆಸಿ, ನನ್ನ ಕಡೆ ಚಾಚಿದರು.

“ತಕ್ಕೊ ಕಣವ್ವ, ಒಸಿ ನೀನೂ ಎಳ್ಕೊ. ನಿನ್ನ ನೋಡಿದ್ರೆ ನಂಗಿಂತ ನಿಂಗೇ ಅರ್ಜೆಂಟು ಇರಂಗದೆ.”

ಬೇಡ ಎನ್ನುವುದಕ್ಕೂ ನನ್ನಲ್ಲಿ ಉಸಿರಿರಲಿಲ್ಲ.