ಹೆಡ್‌ಫೋನಿನೊಳಗಿನ ಶಾಂತಿ

ಬಾಡಿಗೆ ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಕಲಿಯುವುದೂ ಒಂದೇ, ಆಸ್ಪತ್ರೆಯೊಳಗೆ ಪಟಾಕಿ ಅಂಗಡಿ ಇಡುವುದೂ ಒಂದೇ. ಬಸವನಗುಡಿಯಲ್ಲಿ ಆಗ ನಾನೂ ಅಮ್ಮನೂ ಮಹಡಿಯ ಮೇಲೆ, ಮಾಲೀಕರಾದ ಅನಂತಯ್ಯನವರು ಕೆಳಗೆ. ನನ್ನ ಹಳೆಯ ಆಂಪ್ಲಿಫೈಯರ್ ಒರಳುಕಲ್ಲಿನಷ್ಟು ಭಾರ. ಸ್ವಿಚ್ ಒತ್ತಿದರೆ ಒಳಗಿನ ಗಾಜಿನ ವಾಲ್ವುಗಳು ನಿಧಾನವಾಗಿ ಕೆಂಪಗೆ ಕಾದು, ಅದು ಗಂಟಲು ಸರಿಮಾಡಿಕೊಂಡು, ನಾನೊಂದು ತಂತಿ ಮೀಟುವಷ್ಟರಲ್ಲಿ ಕೆಳಮನೆಯ ಸ್ಟೀಲ್ ಡಬ್ಬಿಗಳು ತಾಳ ಹಾಕುತ್ತಿದ್ದವು.

ಒಂದು ದಿನ ಅನಂತಯ್ಯನವರು ಮೇಲೆ ಬಂದರು. "ಭಾನುವಾರ ನಮ್ಮ ವೀಣಾನ್ನ ನೋಡೋಕೆ ಗಂಡಿನೋರು ಬರ್ತಿದಾರೆ. ಮೇಲಿಂದ ಒಂದು ಸದ್ದು ಬಂತೋ, ಸೋಮವಾರ ಮನೆ ಖಾಲಿ ಮಾಡ್ಬಿಡಿ."

ಅಮ್ಮ ನನ್ನನ್ನು ನೋಡಿದ ನೋಟಕ್ಕೆ ವಾಲ್ಯೂಮ್ ಕಡಿಮೆ ಮಾಡುವ ಗುಂಡಿ ಇರಲಿಲ್ಲ. ನನಗೋ ಸೋಮವಾರವೇ ಕಾಲೇಜಿನ ಸ್ಪರ್ಧೆ, ಅಭ್ಯಾಸ ಬಿಡುವಂತಿಲ್ಲ. ಆಂಪನ್ನು ಆಟೋದಲ್ಲಿ ಚಾಮರಾಜಪೇಟೆಯ ಗೆಳೆಯ ಸೀನನ ಮನೆಗೆ ಸಾಗಿಸಿ, ಅವನ ಅಣ್ಣನ ಡಿಜಿಟಲ್ ಡಬ್ಬಿ ತಂದೆ. ಅಂಗೈಯಗಲದ ಡಬ್ಬಿ, ಯಾವ ಆಂಪಿನ ದನಿ ಬೇಕಾದರೂ ಅನುಕರಿಸಿ, ಹೆಡ್‌ಫೋನಿನೊಳಗೆ ಮಾತ್ರ ಕೇಳಿಸುತ್ತದೆ. "ಮಗಾ, ಇದು ಊಟದ ಫೋಟೋ ನೆಕ್ಕಿದ ಹಾಗೆ," ಎಂದ ಸೀನ. ನನಗೆ ಮಾತ್ರ ಅದು ಒಡಹುಟ್ಟಿದ ತಮ್ಮನಂತೆ ಕಂಡಿತು. ಅದಕ್ಕೂ ನನ್ನ ಹಾಗೇ ಸ್ವಂತ ದನಿಯಿಲ್ಲ, ಊರವರದ್ದೆಲ್ಲ ಬರುತ್ತದೆ.

ಭಾನುವಾರ ಕೆಳಗೆ ಚಪ್ಪಲಿಗಳ ಸಾಲು. ನಾನು ಕೋಣೆ ಸೇರಿ ಹೆಡ್‌ಫೋನ್ ಏರಿಸಿದೆ. ಕಿವಿಯೊಳಗೆ ಸಿಡಿಲು, ಕೋಣೆಯಲ್ಲಿ ತಂತಿಯ ಕೀಚುಕೀಚು ಅಷ್ಟೇ. ಎಷ್ಟು ಹಿಗ್ಗಾಯಿತೆಂದರೆ, ಎಂದಿನಂತೆ ನಡುವೆ ಬಾಯಿಯೂ ಅನಂತಯ್ಯನವರ ದನಿಯಲ್ಲಿ ಶುರುವಾಯಿತು. ಮನಸ್ಸಿನೊಳಗೇ ಅಂದುಕೊಳ್ಳುತ್ತಿದ್ದೇನೆ ಎಂದು ತಿಳಿದಿದ್ದೆ: "ಲೇ ಜಯಾ! ಕೇಸರಿಬಾತ್‌ಗೆ ದ್ರಾಕ್ಷಿ ತಲೆಗೆ ಎರಡೇ ಹಾಕೇ! ಅವರೇನು ಇನ್ನೂ ನಮ್ಮ ನೆಂಟ್ರಾ?"

ತಲೆಯೆತ್ತಿದರೆ ಬಾಗಿಲಲ್ಲಿ ಅಮ್ಮ. ಬಾಯಿ ಆಡುತ್ತಿದೆ, ಮಾತು ಕೇಳಿಸದು. ಹೆಡ್‌ಫೋನ್ ಕಿತ್ತೆ. ಕೆಳಗೆ ಗಾಢ ಮೌನ. ಆ ಮೌನದೊಳಕ್ಕೆ ಅಡುಗೆಮನೆಯಿಂದ ಅನಂತಯ್ಯನವರ ಹೆಂಡತಿ ಜಯಮ್ಮನ ಉತ್ತರ: "ಆಯ್ತೂರೀ, ಎರಡೇ ಹಾಕಿದೀನಿ! ಎಷ್ಟು ಸಲ ಬಡ್ಕೋತೀರಿ!"

"ಅವರು ಹಾಲ್‌ನಲ್ಲಿ ಗಂಡಿನೋರ ಎದುರಿಗೇ ಬಾಯಿ ಮುಚ್ಕೊಂಡು ಕೂತಿದಾರೋ, ಪಾಪಿ," ಎಂದು ಅಮ್ಮ ಪಿಸುಗುಟ್ಟಿದಳು.

ಗೇಟಿನ ಸದ್ದಾಗುವವರೆಗೆ ನಾವಿಬ್ಬರೂ ಮಂಚದ ಮೇಲೆ ಕದಲದೆ ಕುಳಿತಿದ್ದೆವು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ. ಅನಂತಯ್ಯನವರು ಒಳಗೆ ಬಂದು ನನ್ನನ್ನು ದಿಟ್ಟಿಸಿದರು.

"ಒಪ್ಕೊಂಡ್ರು," ಎಂದರು. "ಹೊರಡೋವಾಗ ಹುಡುಗನ ತಾಯಿ, 'ಮದುವೇಲಿ ದ್ರಾಕ್ಷಿ ಮಾತ್ರ ಧಾರಾಳವಾಗಿ ಹಾಕಿಸಿ' ಅಂದ್ರು."

"ಸರ್... ಮನೆ?"

"ಮನೆ ಇರ್ಲಿ. ಆ ದೊಡ್ಡ ಪೆಟ್ಟಿಗೆ ವಾಪಸ್ ತಂದ್ಬಿಡಪ್ಪಾ. ಅದು ಕಿರುಚ್ತಿದ್ದಾಗ ನಿನ್ನ ಬಾಯಿ ಕೇಳಿಸ್ತಿರ್ಲಿಲ್ಲ."

ಸಂಜೆ ಆಂಪ್ ಬಂತು. ಇನ್ನೊಂದು ತುದಿ ಹಿಡಿದವರು ಸ್ವತಃ ಅನಂತಯ್ಯನವರೇ. ಮೆಟ್ಟಿಲ ತಿರುವಿನಲ್ಲಿ, "ಹುಷಾರು, ಗೋಡೆ ಕೆರೀಬೇಡ, ಸುಣ್ಣ ಈಗಷ್ಟೇ ಹೊಡಿಸಿದೀನಿ!" ಎಂದು ಎಳೆದೆಳೆದು ಕೂಗಿದರು. ಅದೇ ರಾಗದಲ್ಲಿ ಕೂಗಲು ನನ್ನ ನಾಲಿಗೆ ತುರಿಸತೊಡಗಿತು. ಬಾಯಿ ಮುಚ್ಚಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಪೆಟ್ಟಿಗೆ.